ಮುಂದಾಗಿ ಬಂದ ಕಾಲು

ಮೊನ್ನೆ ನಾನು ಅಂಗಳದಲ್ಲಿ ದನಿ ಎತ್ತಿದ್ದನ್ನು ನೀವೆಲ್ಲ ಕೇಳಿದಿರಿ. ಈ ಅಜ್ಜಿಗೆ ಹಾಗೆ ಕೂಗಲು ಬರುತ್ತದೆಂದು ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಯಾಕೆ ಕೂಗಿದೆನೆಂದು ಎದುರು ಕೂತು ಹೇಳಲು ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸವಡಿಯಲ್ಲಿ ಹುಟ್ಟುವಾಗ ತಲೆಗಿಂತ ಮೊದಲು ಎರಡು ಅಂಗಾಲು ಬಂದವಂತೆ. ನಮ್ಮವ್ವ ಸತ್ತು ಬದುಕಿದಳು. ಅದನ್ನು ಯಾರೂ ನೆನೆಯಲಿಲ್ಲ, ನನ್ನ ಕಾಲನ್ನು ಮಾತ್ರ ಊರೇ ನೆನಪಿಟ್ಟುಕೊಂಡಿತು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ನಡ ಹಿಡಿದದ್ದು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚೀಲ ಎತ್ತಲು ಹೋಗಿ ನಡ ಹಿಡಿಸಿಕೊಂಡವರೆಲ್ಲ ನಮ್ಮ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಗೋಡೆ ಹಿಡಿದು ಬಲಗಾಲ ಮೇಲೆ ನಿಂತು, ಎಡ ಹಿಮ್ಮಡವನ್ನು ಅವರ ಬೆನ್ನ ಮೇಲೆ ಒತ್ತಿ ಎಳೆಯಬೇಕು. ಒಮ್ಮೆ ಸಾಲಿಯ ಮಾಸ್ತರರೂ ಬಂದು ಮಲಗಿದರು. ಮರುದಿನ ಅವರೆದುರು ಮಗ್ಗಿ ಹೇಳಲು ನನಗೆ ಬಾಯೇ ಬರಲಿಲ್ಲ.

ತುಳಿದ ಮೇಲೆ ಇನ್ನೊಂದಿತ್ತು. ಹಿರಿಯರಿಗೆ ಕಾಲು ತಾಗಿಸಿದ ಪಾಪಕ್ಕೆ ನಾನೇ ಅವರ ಪಾದಕ್ಕೆ ಬೀಳಬೇಕು. ಕರೆದವರು ಅವರು, ಮಲಗಿದವರು ಅವರು, ತಪ್ಪು ನನ್ನದು!

ಗಜೇಂದ್ರಗಡದ ಈ ಮನೆಗೆ ಸೊಸೆಯಾಗಿ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಿಮ್ಮ ಅಜ್ಜನ ಅಣ್ಣ, ನೀವು ದೊಡ್ಡಜ್ಜ ಎನ್ನುವವರು, ಶೇಂಗಾ ವ್ಯಾಪಾರ ಮಾಡುತ್ತಿದ್ದರು. ಅವರಿಗೆ ನಡ ಹಿಡಿಯುವುದು ತಪ್ಪುತ್ತಿರಲಿಲ್ಲ. ಭಾವನವರ ಮುಂದೆ ನನ್ನ ತಲೆಯ ಸೆರಗು ಜಾರಬಾರದು, ಆದರೆ ಬೆನ್ನ ಮೇಲೆ ಕಾಲು ಇಡಬಹುದು. ಇದು ಯಾರ ಮನೆಯ ನ್ಯಾಯ?

ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ, ಕೊಡ ಹೊತ್ತು ಬರುವಾಗ ಹಾಸುಗಲ್ಲಿನ ಮೇಲೆ ಜಾರಿದೆ. ಬಲಗಾಲು ಒಳಕ್ಕೆ ಹೊರಳಿತು. ಹಸಿ ಜೋಳದ ದಂಟು ಮುರಿದ ಹಾಗೆ ಸಪ್ಪಳ ಕೇಳಿಸಿತು. ಸಂಜೆಯೊಳಗೆ ಪಾದ ಬಾತು ಬೆರಳುಗಳೇ ಕಾಣದಂತಾದವು.

ನಿಮ್ಮ ಅಜ್ಜ, “ರೋಣದ ದವಾಖಾನಿಗೆ ಕರ್ಕೊಂಡು ಹೋಗ್ತೀನಿ” ಅಂದರು. ಭಾವನವರು ನಕ್ಕರು.

“ಮಂದಿ ನಡಾ ಚಲೋ ಮಾಡೋ ಕಾಲಿಗೆ ಡಾಕ್ಟರ್ ಬೇಕೇನೋ? ಊರಾಗ ಯಾರರ ಕೇಳಿದ್ರ ಮಾರಿ ಎಲ್ಲಿ ಇಟ್ಕೋಳೂಣು?”

ಅತ್ತೆ ಅರಿಸಿನ, ಸುಣ್ಣ ಕಲಸಿ ಕಟ್ಟಿದರು. ನಿಮ್ಮ ಅಜ್ಜ ಅಣ್ಣನ ಮುಂದೆ ಮತ್ತೆ ಬಾಯಿ ಬಿಡಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಬಾವು ಇಳಿಯುವ ಮೊದಲೇ ಭಾವನವರಿಗೆ ಮತ್ತೆ ನಡ ಹಿಡಿಯಿತು. “ತುಳಿಯೂದು ಎಡಗಾಲು ಹೌದಿಲ್ಲೋ? ಅದಕ್ಕೇನಾಗೇತಿ?” ಅಂದರು. ಎಡಗಾಲಿಗೆ ಏನೂ ಆಗಿರಲಿಲ್ಲ, ಖರೇ. ಮುರಿದ ಬಲಗಾಲಿನ ಮೇಲೆ ಮೈಭಾರ ಹಾಕಿ ನಿಂತು ತುಳಿದೆ. ಕಣ್ಣು ಕತ್ತಲೆ ಬಂತು. ಆಮೇಲೆ ಪಾದಕ್ಕೂ ಬಿದ್ದೆ.

ನಿಮ್ಮ ಅಜ್ಜ ಹೋದ ಮೇಲೆ, ಊರಿಗೆ ಹೊರಟವರು ನನ್ನ ಮುಖ ಕಂಡರೆ ಒಳಗೆ ಹೋಗಿ ನೀರು ಕುಡಿದು ಹೊರಡುತ್ತಿದ್ದರು. ಅದೇ ಮಂದಿ ನಡ ಹಿಡಿದರೆ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಮುಖ ಅಪಶಕುನ, ಕಾಲು ಔಷಧ.

ಹೋದ ವರ್ಷ ನಿಮ್ಮಪ್ಪ ಹಟ ಮಾಡಿ ನನ್ನನ್ನು ರೋಣಕ್ಕೆ ಕರೆದೊಯ್ದ. ಡಾಕ್ಟರ್ ಹುಡುಗಿ ಎಕ್ಸರೇ ತೋರಿಸಿದಳು. ಮೊಣಕಾಲಿನ ಕೆಳಗೆ ಎರಡು ಎಲುಬು, ಒಂದು ದಪ್ಪ, ಹೊರಗಿನದು ಸಣ್ಣದು. ಆ ಸಣ್ಣದರ ತುದಿಯೇ ಪಾದದ ಮೇಲೆ ಹೊರಬದಿಗೆ ಕಾಣುವ ಗಂಟು. ನನ್ನದು ಅಲ್ಲಿಯೇ ಮುರಿದು ಸೊಟ್ಟಗೆ ಕೂಡಿದೆ. “ಇಷ್ಟು ವರ್ಷ ಹ್ಯಾಂಗ ನಡದ್ರಿ ಅಮ್ಮಾ?” ಎಂದಳು. ನನ್ನ ಕಾಲಿನಲ್ಲಿ ಎಲ್ಲರ ಕಾಲಿನಲ್ಲಿರುವ ಎಲುಬುಗಳೇ ಇದ್ದವು. ಬೇರೆ ಏನೂ ಇರಲಿಲ್ಲ.

ಈಗ ಮೊನ್ನೆಯ ಮಾತು. ದೊಡ್ಡಜ್ಜ ಕಟ್ಟೆಯ ಮೇಲೆ ಬೋರಲು ಮಲಗಿ ನಿಮ್ಮ ಸಣ್ಣ ತಂಗಿಯನ್ನು ಕರೆದರು.

“ಬಾರವ್ವಾ, ಚಾಕಲೇಟ ಕೊಡಸ್ತೀನಿ. ನಿಮ್ಮ ಅಜ್ಜಿ ಕಾಲು ಹಳೇದಾತು. ಇನ್ನ ನಿನ್ನ ಪಾಳಿ.”

ನಿಮ್ಮವ್ವ ನಗುತ್ತ, “ಆಕಿನ್ನ ಹೊಟ್ಟಿ ಕೊಯ್ದು ತಗದಾರ್ರಿ ಮಾವಾರ. ಅದು ಲೆಕ್ಕಕ್ಕ ಬರತೈತೇನ್ರಿ?” ಎಂದಳು.

“ಯಾವ ಬಾಗಲಿಂದ ಬಂದ್ರೇನವಾ, ಒಳಗ ಕಾಲು ಮುಂದ ಇದ್ವಿಲ್ಲೋ?”

ನೀವೂ ನಕ್ಕಿರಿ. ಅವಳು ಚಪ್ಪಲಿ ಬಿಟ್ಟು, ಒಂದು ಕೈಯಿಂದ ಗೋಡೆ ಹಿಡಿದು ಎಡಗಾಲು ಎತ್ತಿದಳು. ಗೋಡೆ ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

“ಕಾಲ ಇಳಸು! ಏಳ್ರಿ ನೀವು, ಮ್ಯಾಲೆ ಏಳ್ರಿ!” ಎಂದು ಕೂಗಿದೆ.

ದೊಡ್ಡಜ್ಜ ಮಲಗಿದಲ್ಲೇ ಕತ್ತು ಹೊರಳಿಸಿದರು. “ಯಾರ ಮುಂದ ಮಾತಾಡಾಕತ್ತೀದಿ, ಖಬರೈತೇನು?”

“ಐತ್ರಿ. ನನ್ನ ಕಾಲು ಮುರದಾಗ ದವಾಖಾನಿ ಬ್ಯಾಡ ಅಂದಾವ್ರ ಮುಂದ. ನಿಮ್ಮ ನಡಾ ಹಿಡದ್ರ ನೀವು ದವಾಖಾನಿಗೆ ಹೋಗ್ರಿ. ಆಕಿ ಕಾಲು ಆಕಿದು. ಇನ್ನ ಮ್ಯಾಲೆ ಯಾರೂ ಕೇಳಬ್ಯಾಡ್ರಿ.”

ಅವರಿಗೆ ಒಬ್ಬರೇ ಏಳಲಾಗಲಿಲ್ಲ. ನಿಮ್ಮಪ್ಪ ಬಂದು ಎಬ್ಬಿಸಿದ, ಗಾಡಿಯಲ್ಲಿ ದವಾಖಾನೆಗೆ ಕರೆದುಕೊಂಡು ಹೋದ. ಹೊರಡುವ ಮೊದಲು ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಈಗ ಪಾದಕ್ಕೆ ಬಿದ್ದು ತಪ್ಪಾಯಿತು ಅನ್ನುತ್ತಾಳೆಂದು. ನಾನು ಬೀಳಲಿಲ್ಲ. ನಿಮ್ಮ ತಂಗಿಯ ಚಪ್ಪಲಿ ಹುಡುಕಿ ಅವಳ ಕಾಲಿಗೆ ಹಾಕಿದೆ.

ಚಾಕಲೇಟು ಹೋಯಿತೆಂದು ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಓದಲು ಬಂದ ಮೇಲೆ ಇದನ್ನು ಅವಳ ಕೈಗೆ ಕೊಡಿ.