ಎಲ್ಲಿ ಮೊರ?

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಸುಳ್ಳು ಹೇಳುವವನಲ್ಲ. ಒಂದು ಸೌಟು ಹಿಟ್ಟನ್ನು ಕಾವಲಿಯ ನಡುವೆ ಸುರಿದು ಸುಮ್ಮನೆ ಕೂತರೆ ದೋಸೆಯಾಗುವುದಿಲ್ಲ. ಸೌಟು ತಿರುಗಿಸಿ ಅಂಚಿನವರೆಗೆ ಹರಡಬೇಕು, ಆಗಲೇ ಗರಿಗರಿ. ನಡೆದದ್ದನ್ನು ನಾನೂ ಹಾಗೇ ಹರಡುತ್ತೇನೆ, ಅಷ್ಟೆ. ಹಿಟ್ಟು ಅದೇ. ಆದರೆ ಅಮೆರಿಕದ ಈ ಮೂಲೆಯಲ್ಲಿ, ಕ್ಯಾಂಪ್‌ಬೆಲ್‌ನಿಂದ ಲಾಸ್ ಆಲ್ಟೋಸ್‌ವರೆಗಿನ ಕನ್ನಡದ ಮನೆಗಳಲ್ಲಿ ಈ ಕಲೆಗೆ ಬೆಲೆಯಿಲ್ಲ. ಅಲ್ಲೆಲ್ಲ ನನ್ನ ಹೆಸರು ಬುರುಡೆ ಬಾಲು.

ಹೆಸರು ಬಂದದ್ದು ಒಂದು ಮೀನಿನಿಂದ. ಓಕ್ಲ್ಯಾಂಡಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸಮುದ್ರದ ಅಡಿಯ ಸುರಂಗದಲ್ಲಿ ರೈಲು ಹೋಗುತ್ತದಲ್ಲ, ಅದರ ಕಿಟಕಿಯಲ್ಲಿ ನನಗೆ ಮೀನು ಕಂಡಿತೆಂದು ಯುಗಾದಿ ಊಟದ ದಿನ ಹೇಳಿದೆ. ಮೀನು ನನ್ನನ್ನು ನೋಡಿ ಬಾಯಿ ತೆರೆಯಿತು ಎಂದೂ ಸೇರಿಸಿದೆ. ಲಾಸ್ ಆಲ್ಟೋಸ್‌ನ ನಂಜುಂಡ ಅಂಕಲ್ ತಮ್ಮ ಚಿಕ್ಕ ಮಗಳ ಹಟಕ್ಕೆ ಸೋತು, ಒಂದು ಭಾನುವಾರವಿಡೀ ಆ ರೈಲಿನಲ್ಲಿ ಹೋಗಿಬಂದು ಹೋಗಿಬಂದು, ಕತ್ತಲೆಯನ್ನು ಮಾತ್ರ ನೋಡಿ ಮನೆಗೆ ಮರಳಿದರು. ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, ಸಭೆಯ ಹಿಂದಿನ ಸಾಲಿನಿಂದ ಅವರ ದನಿ ಬರುತ್ತದೆ: "ಬುರುಡೆ!"

ಇದರಿಂದ ನನಗೇನೂ ನಷ್ಟವಿರಲಿಲ್ಲ, ಹದಿನಾರು ತುಂಬುವವರೆಗೆ. ಹದಿನಾರಕ್ಕೆ ಇಲ್ಲಿ ಡ್ರೈವಿಂಗ್ ಲೈಸೆನ್ಸು ಕೊಡುತ್ತಾರೆ. ಲೈಸೆನ್ಸಿಲ್ಲದ ಹದಿನಾರರ ಹುಡುಗ ಅಮ್ಮನ ಕಾರಿನ ಹಿಂದಿನ ಸೀಟಿನಲ್ಲಿ ಗ್ರೋಸರಿ ಚೀಲಗಳ ಜೊತೆ ಇನ್ನೊಂದು ಚೀಲ. ಆದರೆ ಫಾರಮ್ಮಿನ ಮೇಲೆ ಅಪ್ಪ ಸಹಿ ಹಾಕಬೇಕು. ಅಪ್ಪ ಫಾರಮ್ಮನ್ನು ಮಡಿಸಿ ಕೋಟಿನ ಜೇಬಿಗೆ ಇಳಿಸಿದರು.

"ಬಾಯಿಗೇ ಬ್ರೇಕ್ ಇಲ್ಲದೋನು ಕಾರಿಗೆ ಎಲ್ಲಿ ಹಾಕ್ತೀಯ? ಗಣೇಶನ ಹಬ್ಬದ ಪ್ರೋಗ್ರಾಮಲ್ಲಿ ನಮ್ಮ ಟ್ರಿಪ್ಪಿನ ಸ್ಲೈಡ್ ಶೋ ನೀನೇ ಮಾಡು. ಒಬ್ಬರೇ ಒಬ್ಬರು 'ಬುರುಡೆ' ಅಂತ ಕೂಗಿದ್ರೂ ಸಹಿ ಮುಂದಿನ ವರ್ಷ."

ಗಮನಿಸಿ, ನಾನು ನಿಜ ಹೇಳಿದರೆ ಸಾಲದು, ಜನ ನಂಬಬೇಕು. ಇವೆರಡರ ನಡುವೆ ಎಷ್ಟು ದೂರ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಅವರು ಎಂಜಿನಿಯರು.

ಟ್ರಿಪ್ಪು ಸ್ಪ್ಯಾನಿಷ್ ಮಾತಾಡುವ ದ್ವೀಪ ಪೋರ್ಟೊ ರಿಕೊದ ಸ್ಯಾನ್ ಹುವಾನಿಗೆ. ಅಪ್ಪನಿಗೆ ಅಲ್ಲಿ ಆಫೀಸಿನ ಮೀಟಿಂಗು. ಅಮ್ಮ ಓಕ್ಲ್ಯಾಂಡಿನಲ್ಲಿ ಡಾಕ್ಟರು, ರಜೆ ಸಿಗಲಿಲ್ಲ. ಹಾಗಾಗಿ ಅಪ್ಪನ ಜೊತೆ ನಾನು ಮತ್ತು ಅಜ್ಜಿ, ಅಂದರೆ ಅಮ್ಮನ ಅಮ್ಮ. ಮೈಸೂರಿನಿಂದ ಬಂದು ನಮ್ಮ ಮನೆಯಲ್ಲಿ ಎರಡು ವರ್ಷವಾಗಿತ್ತು. ಅಮೆರಿಕದ ಬಗ್ಗೆ ಅಜ್ಜಿಗೆ ಒಂದೇ ದೂರು: ಈ ದೇಶದಲ್ಲಿ ಮೊರವಿಲ್ಲ. ಹೋದ ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕೊಡಲು ಎರಡು ಪಿಜ್ಜಾ ತಟ್ಟೆಗಳನ್ನು ಒಂದರ ಮೇಲೊಂದು ಕವುಚಿ ಟೇಪು ಸುತ್ತಿದ್ದಳು. ಒಳಗೆ ಅಕ್ಕಿ, ಬೇಳೆ, ಬಳೆ, ಅರಿಶಿನ ಎಲ್ಲ ಸರಿಯಾಗಿಯೇ ಇತ್ತು. ಆದರೂ ಗೌರಿ ನಮ್ಮ ಮನೆಯಿಂದ ಮುಖ ತಿರುಗಿಸಿ ಹೋದಳೆಂದು ಅಜ್ಜಿಯ ಅನುಮಾನ.

ಹೋಟೆಲಿನಲ್ಲಿ ಅಪ್ಪ ಟೈ ಹುಡುಕುತ್ತಾ ಹೇಳಿದರು, "ನಂದು ಸಂಜೆ ತನಕ ಮೀಟಿಂಗು ಅತ್ತೆ. ನೀವಿಬ್ರೂ ಎಲ್ ಮೊರ್ರೊ ನೋಡ್ಕೊಂಡ್ ಬನ್ನಿ."

ಅಜ್ಜಿಯ ಕಣ್ಣು ಅಗಲವಾಯಿತು. "ಎಲ್ಲಿ ಮೊರ? ಈ ಊರಲ್ಲಿ ಮೊರ ಸಿಗುತ್ತೇನ್ರೀ ಅಳಿಯಂದ್ರೆ?"

ಅಳಿಯಂದಿರು ಆಗಲೇ ಬಾತ್‌ರೂಮಿನೊಳಗೆ ನಲ್ಲಿ ತಿರುಗಿಸಿದ್ದರು. ಅಜ್ಜಿ ನನ್ನ ಕಡೆ ತಿರುಗಿದಳು. ಇಲ್ಲಿ ನನ್ನ ಸ್ಥಿತಿ ನೀವು ಅರ್ಥಮಾಡಿಕೊಳ್ಳಬೇಕು. ಎಲ್ ಮೊರ್ರೊ ಎಂಬುದು ಅಲ್ಲಿನ ಹಳೆಯ ಕೋಟೆ. ಕೋಟೆ ಎಂದರೆ ಅಜ್ಜಿ ಮಂಡಿನೋವು ಎನ್ನುತ್ತಾಳೆ. ಅಜ್ಜಿ ಹೊರಡದಿದ್ದರೆ ನಾನೂ ಕೋಣೆಯಲ್ಲೇ. ಫಿರಂಗಿಗಳಿರುವ ಊರಿಗೆ ಬಂದು ಯಾವನು ಕೋಣೆಯಲ್ಲಿ ಕೂರುತ್ತಾನೆ?

"ಎಲ್ ಮೊರ್ರೊ ಇದೆ ಅಜ್ಜಿ. ತುಂಬ ಫೇಮಸ್ಸು."

"ದೊಡ್ಡದಾ?"

"ಈ ಕಡೆ ಸೀಮೇಲಿ ಅಷ್ಟು ದೊಡ್ಡದು ಕಮ್ಮಿಯಂತೆ."

"ಬಿದಿರಿಂದಾ?"

"ಕಲ್ಲಿಂದು ಅಂತಾರೆ."

"ಕಲ್ಲಿನ ಮೊರದಲ್ಲಿ ಕೇರೋದ್ ಹೇಗೋ?" ಎಂದು ಅಜ್ಜಿ ಯೋಚಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಕ್ಯಾನ್ವಾಸ್ ಬೂಟು ಹಾಕಿಕೊಂಡಳು. "ಎಂಥದ್ದಿದ್ರೂ ಒಂದ್ಸಲ ನೋಡೇಬಿಡೋಣ."

ನೋಡಿ, ನಾನು ಹೇಳಿದ ಒಂದೊಂದು ಮಾತೂ ಸತ್ಯ. ಸತ್ಯಗಳನ್ನೇ ಜೋಡಿಸಿ ಇಷ್ಟು ಚೊಕ್ಕ ಮೋಸ ಮಾಡಬಹುದೆಂದು ನನಗೂ ಅಂದೇ ಗೊತ್ತಾದದ್ದು.

ಕೋಟೆಯ ಮುಂದೆ ಒಂದು ಹುಲ್ಲು ಬಯಲಿದೆ. ಹತ್ತಿರ ಬರುವ ಶತ್ರುವಿಗೆ ಅಡಗಲು ಒಂದು ಮರವೂ ಇರಬಾರದೆಂದು ಬೋಳು ಬಿಟ್ಟದ್ದಂತೆ. ಶತ್ರುವಿಗೆ ಇಲ್ಲದ ನೆರಳು ಮಂಡಿನೋವಿನವರಿಗೂ ಇಲ್ಲ. ಎರಡೂ ಕಡೆ ಸಮುದ್ರ, ತಲೆಯ ಮೇಲೆ ಬಿಸಿಲು, ಆಕಾಶದ ತುಂಬ ಗಾಳಿಪಟ. ಅಜ್ಜಿ ಕಪ್ಪು ಕೊಡೆ ಹಿಡಿದು, ಸೀರೆಯ ನೆರಿಗೆ ಎತ್ತಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ನಡೆದಳು. ಒಮ್ಮೆಯೂ ಗೊಣಗಲಿಲ್ಲ.

"ಗಾಳಿ ನೋಡೋ! ತೂರೋಕೂ ಸರಿ, ಕೇರೋಕೂ ಸರಿ. ಸುಮ್ನೆ ಮೊರ ಇಲ್ಲಿಟ್ಟಿಲ್ಲ ಕಣೋ."

ಬಾಗಿಲಲ್ಲಿ ಅಗಲ ಟೊಪ್ಪಿಯ ಕಾವಲಿನವರೊಬ್ಬರು ನಿಂತಿದ್ದರು. ಅಜ್ಜಿ ನೇರ ಅವರ ಹತ್ತಿರ ಹೋಗಿ, ಕನ್ನಡದಲ್ಲೇ, ಗಟ್ಟಿಯಾಗಿ ಕೇಳಿದಳು, "ಎಲ್ಲಿ ಮೊರ?"

ಅವರ ಮುಖ ಅರಳಿತು. "ಸೀ, ಸೀ! ಎಲ್ ಮೊರ್ರೊ!" ಎನ್ನುತ್ತಾ ಎರಡೂ ಕೈ ಚಾಚಿ ಸುತ್ತಲೂ ತೋರಿಸಿದರು.

"ಅದೇ, ಎಲ್ಲಿ ಮೊರ?"

"ಎಲ್ ಮೊರ್ರೊ! ಸೀ!"

ಅಜ್ಜಿ ನನ್ನ ಕಡೆ ತಿರುಗಿದಳು. "ನಾನು ಕೇಳಿದ್ದನ್ನೇ ತಿರುಗಿ ಕೇಳ್ತಾನಲ್ಲೋ! 'ಸೀ, ಸೀ' ಅಂತಾನೆ. ತೋರಿಸ್ದೆ ಇದ್ರೆ ಏನನ್ನ ಸೀ ಮಾಡ್ಲಿ?"

ನಾನು ಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ 'ಸೀ' ಎಂದರೆ ಹೌದು. 'ಮೊರ್ರೊ' ಎಂದರೆ ಮೂತಿ. ಸಮುದ್ರದೊಳಕ್ಕೆ ಮೂತಿ ಚಾಚಿದ ಗುಡ್ಡಕ್ಕೂ ಅದೇ ಹೆಸರು. ಇದನ್ನು ನಾನು ಅಲ್ಲೇ ಹೇಳಬಹುದಿತ್ತು. ನಗು ತಡೆಯುವುದರಲ್ಲಿ ನನ್ನ ಬಾಯಿ ಕೆಲಸದಲ್ಲಿತ್ತು.

ಒಳಗೆ ಹೋದ ಮೇಲೆ ಅಜ್ಜಿಯನ್ನು ಮರೆತೇಬಿಟ್ಟೆ. ಕೋಟೆಯೆಂದರೆ ಒಂದು ಕೋಟೆಯಲ್ಲ, ಒಂದರ ಹೆಗಲ ಮೇಲೆ ಒಂದು ಕೂತ ಆರು ಅಂತಸ್ತು. ಮೊದಮೊದಲು ಅಲ್ಲಿದ್ದದ್ದು ಒಂದು ಸಣ್ಣ ಗೋಪುರವಂತೆ. ಆಮೇಲೆ ಬಂದವನು ಒಂದು ಗೋಡೆ ಸೇರಿಸಿದ, ಅವನ ನಂತರದವನು ಅದನ್ನು ದಪ್ಪ ಮಾಡಿದ, ಮತ್ತೊಬ್ಬ ಮೇಲೊಂದು ಸಾಲು ಫಿರಂಗಿ ಇಟ್ಟ. ಇನ್ನೂರೈವತ್ತು ವರ್ಷ ಹೀಗೇ ನಡೆಯಿತು. ಇದನ್ನೆಲ್ಲ ಗೋಡೆಯ ಫಲಕದಲ್ಲಿ ಓದಿ ನನಗೆ ರೋಮಾಂಚನವಾಯಿತು. ನಾನು ಮೀನಿಗೆ ಮಾಡಿದ್ದೂ ಇದನ್ನೇ! ಒಬ್ಬನೇ, ಒಂದೇ ಊಟದಲ್ಲಿ ಮಾಡಿದ್ದರಿಂದ ಬುರುಡೆ. ರಾಜರು ತಲೆತಲಾಂತರ ಮಾಡಿದ್ದರಿಂದ ಇತಿಹಾಸ. ಹದಿನೆಂಟು ಅಡಿ ದಪ್ಪದ ಗೋಡೆಗೆ ಕೈಯಿಟ್ಟೆ, ಇಳಿಜಾರಿನಲ್ಲಿ ಓಡಿದೆ. ಕ್ಯಾಮೆರಾದಲ್ಲಿದ್ದ ಮೂವತ್ತಾರೂ ಸ್ಲೈಡುಗಳನ್ನು ಫಿರಂಗಿಗಳಿಗೇ ಖರ್ಚು ಮಾಡಿದೆ.

ಆಮೇಲೆ ಅಜ್ಜಿ ಎಲ್ಲೂ ಕಾಣಲಿಲ್ಲ.

ಸಿಕ್ಕಿದ್ದು ಗೋಡೆಯ ತುದಿಯ ಕಾವಲು ಗೂಡಿನಲ್ಲಿ. ಗುಂಡಗೆ, ತಲೆಯ ಮೇಲೆ ಗುಮ್ಮಟವಿದ್ದ, ಒಬ್ಬ ಸಿಪಾಯಿ ನಿಲ್ಲುವಷ್ಟೇ ಜಾಗ. ಅಜ್ಜಿ ಕಿಂಡಿಯಿಂದ ಸಮುದ್ರ ನೋಡುತ್ತಿದ್ದಳು. ಕೆಳಗೆ ಅಲೆ ಬಂಡೆಗೆ ಬಡಿದು ನೊರೆ ಹಾರುತ್ತಿತ್ತು.

"ಸಮುದ್ರ ಕೇರ್ತಾ ಇದೆ ನೋಡು," ಎಂದಳು. "ಹೊಟ್ಟು ಹಾರ್ತಾ ಇದೆ." ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಮೊರ ಇಲ್ಲ, ಅಲ್ವೇನೋ?"

"ಇಲ್ಲ ಅಜ್ಜಿ. ಕೋಟೆ ಹೆಸರೇ ಅದು."

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಹತ್ತು ಉತ್ತರ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದವು. ಅವನ್ನೆಲ್ಲ ಬಿಟ್ಟು, "ಹೂಂ," ಎಂದೆ.

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬಚಾವಾಗುತ್ತಿದ್ದೆ. ಅಜ್ಜಿ ಮಂಡಿಯನ್ನು ಮೆಲ್ಲಗೆ ಒತ್ತಿಕೊಂಡು, "ಸ್ವಲ್ಪ ಕೂತು ಹೋಗೋಣ ಕಣಪ್ಪ," ಎಂದಳಷ್ಟೆ. ಆ ಹುಲ್ಲು ಬಯಲು ವಾಪಸ್ಸು ಬರುವಾಗ ಎರಡರಷ್ಟು ಉದ್ದವಾಗಿತ್ತು. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ.

ಮುಂದಿನದು ಪೂರಾ ನಿಜ. ನೀವೂ ನಂಬುವುದಿಲ್ಲ, ಗೊತ್ತು.

ಬಯಲಿನ ಕೊನೆಯಲ್ಲಿ ಅಜ್ಜಿಯಷ್ಟೇ ವಯಸ್ಸಿನ ಹೆಂಗಸೊಬ್ಬಳು ಕೊಬ್ಬರಿ ಮಿಠಾಯಿ ಮಾರುತ್ತಾ ಕೂತಿದ್ದಳು. ಮಿಠಾಯಿ ಇದ್ದದ್ದು ತೆಂಗಿನ ಗರಿಯಲ್ಲಿ ಹೆಣೆದ ಗುಂಡನೆಯ ತಟ್ಟೆಯಲ್ಲಿ. ಬಿಸಿಲು ಬೀಳದಿರಲೆಂದು ಅದರ ಮೇಲೆ ಅಂಥದ್ದೇ ಇನ್ನೊಂದನ್ನು ಕವುಚಿದ್ದಳು. ಬಾಗಿನದ ಹಾಗೆ! ಅಜ್ಜಿ ನಿಂತಲ್ಲೇ ನಿಂತಳು. ಆಮೇಲೆ ಹುಲ್ಲಿನ ಮೇಲೆ ಅವಳೆದುರು ಕೂತು, ಬರಿಗೈಯಲ್ಲಿ ಇಲ್ಲದ ಮೊರ ಹಿಡಿದು, ಇಲ್ಲದ ಅಕ್ಕಿ ಕೇರಿ ತೋರಿಸಿದಳು. ಆ ಹೆಂಗಸು ಒಂದು ಗಳಿಗೆ ನೋಡಿ, ಗಹಗಹಿಸಿ ನಕ್ಕು, ತಾನೂ ಕೈ ಎತ್ತಿ ಕೇರತೊಡಗಿದಳು. ಗಾಳಿಯನ್ನೇ ಕೇರುತ್ತಾ ಇಬ್ಬರು ಅಜ್ಜಿಯರು. ಭಾಷೆ ಬಂದ ನಾನೊಬ್ಬ ಮೂಗ.

ವ್ಯವಹಾರ ಮುಗಿದಾಗ ಮಿಠಾಯಿ ನಮ್ಮ ಬುತ್ತಿಯ ಸ್ಟೀಲ್ ಡಬ್ಬಿಯಲ್ಲಿತ್ತು, ಡಬ್ಬಿ ಅವಳ ಬಳಿಯಿತ್ತು, ಅದಕ್ಕೆ ನೆರಳಾಗಿ ನಮ್ಮ ಕಪ್ಪು ಕೊಡೆಯಿತ್ತು. ಎರಡೂ ತಟ್ಟೆ ಅಜ್ಜಿಯ ಕಂಕುಳಲ್ಲಿ. ಕ್ಯಾಮೆರಾದಲ್ಲಿ ಮಾತ್ರ ಒಂದು ಸ್ಲೈಡೂ ಉಳಿದಿರಲಿಲ್ಲ.

ಆ ಗೌರಿ ಹಬ್ಬಕ್ಕೆ ಅಮ್ಮನಿಗೆ ಸರಿಯಾದ ಬಾಗಿನ ಸಿಕ್ಕಿತು. ಮರುವಾರ ಕ್ಯಾಂಪ್‌ಬೆಲ್‌ನ ಒಂದು ಬಾಡಿಗೆ ಹಾಲಿನಲ್ಲಿ ಗಣೇಶನ ಹಬ್ಬದ ಪ್ರೋಗ್ರಾಮು. ಅಪ್ಪ ಪ್ರೊಜೆಕ್ಟರ್ ಹಿಂದೆ, ಅಜ್ಜಿ ಮೊದಲ ಸಾಲಿನಲ್ಲಿ, ನಂಜುಂಡ ಅಂಕಲ್ ಕೊನೆಯ ಸಾಲಿನಲ್ಲಿ. ನಾನು ಹದಿನೆಂಟು ಅಡಿಯನ್ನು ಹದಿನೆಂಟು ಅಡಿಯೆಂದೇ ಹೇಳಿದೆ. ಮೂವತ್ತಾರು ಫಿರಂಗಿ ತೋರಿಸಿದೆ. ಜನ ಆಕಳಿಸಿದರು. ನಿದ್ದೆಯಲ್ಲಿರುವವರು ಬುರುಡೆ ಎನ್ನುವುದಿಲ್ಲವಲ್ಲ! ಲೈಸೆನ್ಸಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆಗ ಅಮ್ಮ ಎದ್ದು ನಿಂತು ಅಭಿಮಾನದಿಂದ, "ಆ ಮೊರದ ಕಥೆ ಹೇಳೋ," ಎಂದಳು.

ಹೇಳಿದೆ. ಟೊಪ್ಪಿಯವರು, ಎಲ್ಲಿ ಮೊರ, ಎಲ್ ಮೊರ್ರೊ, ಒಂದರ ಮೇಲೊಂದು ತಟ್ಟೆ, ಕೊಡೆ. ಒಂದು ಚೂರೂ ಹರಡದೆ, ಹಿಟ್ಟು ಹಿಟ್ಟಾಗಿಯೇ ಹೇಳಿದೆ.

"ಬುರುಡೆ!" ಎಂದಿತು ಕೊನೆಯ ಸಾಲು. "ಮೊರ ಮೈಸೂರಿಂದ ತರ್ಸಿ ಕಥೆ ಕಟ್ತಾನೆ!"

ಹಾಲಿಗೆ ಹಾಲೇ ನಕ್ಕಿತು. ಅಪ್ಪ ನಗಲಿಲ್ಲ. ಸ್ಲೈಡು ಮುಗಿದು ಪರದೆ ಬೆಳ್ಳಗೆ ಹೊಳೆಯುತ್ತಿತ್ತು. "ಬಾಲು, ಮೊರ ಇದೆ ಅಂತ ಅಜ್ಜೀನ ನಂಬಿಸಿ ಆ ಬಿಸಿಲಲ್ಲಿ ನಡೆಸ್ದೆಯಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಅಜ್ಜಿ ಎದ್ದಳು.

"ಯಾರದು ಬುರುಡೆ ಅಂದಿದ್ದು? ನಂಜುಂಡನಾ? ಕೇಳಪ್ಪಾ. ಆ ಟೊಪ್ಪಿಯವನು ನನ್ನ ನೋಡಿ ಬಗ್ಗಿ ಕೈ ಮುಗ್ದ. ಮೈಸೂರಿನೋರು ಬಂದಿದಾರೆ ಅಂತ ಮೂರು ಫಿರಂಗಿ ಹಾರ್ಸಿದ್ರು. ಆ ಮಿಠಾಯಿ ಹೆಂಗಸು ನನ್ನ ಕಣ್ಣಿಗೆ ಸಾಕ್ಷಾತ್ ಗೌರಿ ಹಾಗೇ ಕಂಡ್ಲು, ಮೂಗುತಿ ಸಮೇತ!"

"ಹೌದಾ ಅಮ್ಮಾ!" ಎಂದರು ನಂಜುಂಡ ಅಂಕಲ್, ಕುರ್ಚಿಯಿಂದ ಅರ್ಧ ಎದ್ದು.

"ಇನ್ನೊಂದು ಮಾತು. ನನ್ನ ಮೊಮ್ಮಗ ಹೋಟೆಲಲ್ಲೇ ಹೇಳಿದ್ದ, 'ಅಜ್ಜಿ, ಅದು ಕೋಟೆ, ಮಂಡಿ ನೋಯುತ್ತೆ, ಬೇಡ' ಅಂತ. ನಾನೇ ಹಟ ಮಾಡಿ ಹೋದೆ."

ಚಪ್ಪಾಳೆ ಬಿತ್ತು. ನನ್ನ ಸತ್ಯವನ್ನು ಒಬ್ಬರೂ ನಂಬಿರಲಿಲ್ಲ. ಅಜ್ಜಿಯ ಫಿರಂಗಿಗಳನ್ನು ಎಲ್ಲರೂ ನಂಬಿದರು. ಅಪ್ಪ ಒಂದು ನಿಮಿಷ ಅತ್ತೆಯ ಮುಖ ನೋಡಿದರು, ಒಂದು ನಿಮಿಷ ನನ್ನದು. ಆಮೇಲೆ ಜೇಬಿನಿಂದ ಫಾರಮ್ಮು ತೆಗೆದು, ಪ್ರೊಜೆಕ್ಟರಿನ ಪೆಟ್ಟಿಗೆಯ ಮೇಲಿಟ್ಟು ಸಹಿ ಹಾಕಿದರು.

ಲೈಸೆನ್ಸು ಬಂದು ಈಗ ಎರಡು ವಾರ. ನಿನ್ನೆ ಸ್ಕೂಲಿನಿಂದ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ ಅದೇ ಗರಿಯ ತಟ್ಟೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಇಲ್ಲಿನ ಅಕ್ಕಿಯಲ್ಲಿ ಕೇರಲು ಏನಿರುತ್ತದೆ? ಸುಮ್ಮನೆ ಕೇರುತ್ತಾಳೆ, ಕೈಗೆ ರೂಢಿ ತಪ್ಪಬಾರದೆಂದು.

"ಅಜ್ಜಿ, ಅವತ್ತು ನೀನು ಹೇಳಿದ್ರಲ್ಲಿ ಹೊಟ್ಟು ಎಷ್ಟು, ಅಕ್ಕಿ ಎಷ್ಟು?"

"ಹೊಟ್ಟಿಲ್ದೆ ಅಕ್ಕಿ ಎಲ್ಲಿ ಬೆಳೆಯುತ್ತೋ? ಗದ್ದೇಲಿ ಅಕ್ಕಿಗೆ ಹೊಟ್ಟೇ ಕೋಟೆ," ಎಂದಳು ಕೈ ನಿಲ್ಲಿಸದೆ. "ಮನೆಗೆ ತಂದ್ಮೇಲೆ ಮಾತ್ರ ಕೇರ್ಕೋಬೇಕು. ಈಗ ನೀನು ಹೇಳು. ಫ್ರೀವೇಲಿ ಎಂಬತ್ತು ಮೈಲಿ ಸ್ಪೀಡಲ್ಲಿ ಹಾರ್ಸಿದೆ ಅಂತ ಫೋನಲ್ಲಿ ಯಾರಿಗೋ ಹೇಳ್ತಿದ್ಯಲ್ಲ, ಎಷ್ಟರಲ್ಲಿ ಹೋದೆ?"

ಅಡುಗೆಮನೆಯ ಆಚೀಚೆ ನೋಡಿದೆ. ಯಾರೂ ಇರಲಿಲ್ಲ.

"ನಲವತ್ತು ಅಜ್ಜಿ. ಹಿಂದೆ ಬರೋರೆಲ್ಲ ಹಾರನ್ ಹೊಡೀತಿದ್ರು. ಮೊದ್ಲು ಸಿಕ್ಕ ತಿರುವಲ್ಲೇ ಫ್ರೀವೇ ಬಿಟ್ಟಿಳಿದೆ."

ಅಜ್ಜಿ ತಟ್ಟೆಯನ್ನು ಒಮ್ಮೆ ಕುಟ್ಟಿ, ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಗಟ್ಟಿಯಾಗಿದೆ," ಎಂದಳು. "ಇಡು, ಅನ್ನಕ್ಕಾಗುತ್ತೆ."