ಅಂಬಲಿ ಕುಡಿದಿರಾ ಎಂದು ಕೇಳಿದ್ದಕ್ಕೆ

ನರ್ಸಿಂಗ್ ಕಲಿಯಲು ಸೇರಿದ ಸೇಲಂ ಆಸ್ಪತ್ರೆಯ ಮೊದಲ ದಿನವೇ ನಮ್ಮ ತಾತನ ವಯಸ್ಸಿನವರೊಬ್ಬರು ನನ್ನನ್ನು ‘ಅಕ್ಕಾ’ ಎಂದು ಕರೆದರು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ತಮಿಳು ಸೀಮೆಯಲ್ಲೇ ಇರುವ ನಮ್ಮ ಮಾರಂಡಹಳ್ಳಿಯಲ್ಲಿ ಎದುರು ಮಾತಾಡುತ್ತಾಳೆಂದು ಬೈಸಿಕೊಳ್ಳುವ ಹುಡುಗಿ ನಾನು. ತೊಪ್ಪೂರು ಘಾಟಿ ಇಳಿದು ಸೇಲಂ ಸೇರಿ ನರ್ಸಿನ ಬಟ್ಟೆ ತೊಟ್ಟರೆ ಅಕ್ಕ.

ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅಕ್ಕಿ. ಮುದ್ದೆಗಾಗಿ ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಮನೆಮಾತು ಕನ್ನಡ; ತಮಿಳನ್ನು ಊರಲ್ಲೇ ಕಲಿತಿದ್ದರೂ ಇಲ್ಲಿ ನನ್ನ ಹೆಸರು ‘ಕನ್ನಡಕ್ಕಾರಿ’, ಅಂದರೆ ಕನ್ನಡದವಳು.

ಕೊನೆಯ ವರ್ಷ ನಮ್ಮಂಥ ಆರು ಹುಡುಗಿಯರನ್ನು ಒಬ್ಬ ಹಿರಿಯ ನರ್ಸಿನ ಕೈಗೆ ಒಪ್ಪಿಸುತ್ತಾರೆ. ನಮಗೆ ಸಿಕ್ಕವರು ಮಲ್ಲಿಗಾ ಅಕ್ಕ. ವಾರಕ್ಕೊಮ್ಮೆ ಅವರ ಸುತ್ತ ಕೂತು ವಾರ್ಡಿನ ಕಷ್ಟಸುಖ ಹೇಳಿಕೊಳ್ಳಬೇಕು. ಇದೇ ಆಸ್ಪತ್ರೆಯಲ್ಲಿ ಕೆಲಸ ಸಿಗುವುದೂ ಅವರ ಒಂದು ಮಾತಿನಿಂದಲೇ. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಒಂದು ಬೆಳಿಗ್ಗೆ ಮೆಟ್ಟೂರು ಕಡೆಯ ಕನ್ನಡದ ಅಜ್ಜಿಯೊಬ್ಬರಿಗೆ ಆಪರೇಷನ್. ಏನೂ ತಿಂದಿಲ್ಲವೆಂದು ಎಲ್ಲರಿಗೂ ಹೇಳಿದ್ದರು. ನಮ್ಮ ಮನೆಗಳ ಲೆಕ್ಕ ನನಗೆ ಗೊತ್ತಲ್ಲ, ಕನ್ನಡದಲ್ಲಿ ಅಂಬಲಿ ಕುಡಿದಿರಾ ಎಂದು ಕೇಳಿದೆ.

“ಒಂದ್ ಚೊಂಬು ಕುಡುದೆ ತಾಯಿ. ಅದೇನ್ ಊಟಾನಾ?”

ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಇಳಿದು ಜೀವವೇ ಹೋಗಬಹುದು. ನೇರ ಹೋಗಿ ಡಾಕ್ಟರಿಗೆ ಹೇಳಿದೆ, ಆಪರೇಷನ್ ಮುಂದಕ್ಕೆ ಹೋಯಿತು. ವಾರ್ಡಿನ ಹೆಡ್ ಸಿಸ್ಟರ್ ಕೆಂಡವಾದರು. ತಮ್ಮನ್ನು ದಾಟಿ ಹೋದದ್ದು ತಪ್ಪಂತೆ, ಯಾರಿಗೂ ತಿಳಿಯದ ಭಾಷೆಯಲ್ಲಿ ಕೇಳಿದ್ದು ಇನ್ನೂ ತಪ್ಪಂತೆ. ಕ್ಷಮೆ ಕೇಳಬೇಕೆಂದರು.

ಫೋನಿನಲ್ಲಿ ಅಮ್ಮನದೂ ಅದೇ ರಾಗ.

“ಒಂದ್ ಮಾತು ತಪ್ಪಾಯ್ತು ಅಂದ್ರೆ ನಿನ್ ಗಂಟೇನ್ ಓಯ್ತದೆ?”

ಆ ವಾರದ ಕೂಟದಲ್ಲಿ ಮಲ್ಲಿಗಾ ಅಕ್ಕನೂ ಬುದ್ಧಿ ಹೇಳಿದರು: ಕೈಮುಗಿದುಬಿಡು, ಕೆಲಸ ಉಳಿಯುತ್ತದೆ. ನಾನು ಆಗುವುದಿಲ್ಲ ಎಂದೆ. ಸುಮ್ಮನಿದ್ದಿದ್ದರೆ ಅಜ್ಜಿಗೆ ಯಾರು ಕ್ಷಮೆ ಕೇಳುತ್ತಿದ್ದರು ಎಂದೂ ಕೇಳಿದೆ. 

ಆಗ ನಮ್ಮ ಗುಂಪಿನಲ್ಲೇ ಇದ್ದ ಕಾರಿಮಂಗಲಂನ ತಮಿಳು ಹುಡುಗಿ ಸೆಲ್ವಿ ಬಾಯಿಬಿಟ್ಟಳು. ಅವರ ಮನೆಯಲ್ಲೂ ಗಂಜಿ ‘ಸಾಪ್ಪಾಡು’, ಅಂದರೆ ಊಟ, ಅಲ್ಲವಂತೆ. ಉಳಿದವರೂ ತಲೆಯಾಡಿಸಿದರು. ಅಕ್ಕ ಕೂತಲ್ಲಿಂದ ಎದ್ದರು. ನಮ್ಮನ್ನೆಲ್ಲ ಕರೆದುಕೊಂಡು ವಾರ್ಡಿಗೆ ನಡೆದರು. ‘ಅಂಬಲಿ, ಗಂಜಿ ಕುಡಿದಿರಾ ಎಂದು ಇನ್ನು ಮುಂದೆ ಆರೂ ಜನ ಕೇಳುತ್ತಾರೆ, ಕ್ಷಮೆ ಬೇಕಿದ್ದರೆ ನನ್ನಿಂದ ಕೇಳಿಸಿಕೊಳ್ಳಿ’ ಎಂದು ಹೆಡ್ ಸಿಸ್ಟರಿಗೆ ಹೇಳಿಬಿಟ್ಟರು. ಕೆಲಸಕ್ಕೆ ನನ್ನ ಹೆಸರನ್ನೂ ಅವರೇ ಹೇಳಿದರು.

ಆಪರೇಷನ್ ಮುಗಿದು ಮನೆಗೆ ಹೊರಟ ಅಜ್ಜಿ ನನ್ನ ಊರು ಕೇಳಿದರು. ಮಾರಂಡಹಳ್ಳಿ ಎಂದೆ.

“ಮಾತು ಸೇಲಂನೋರ್ ತರ ಐತಲ್ಲ?”

“ಎರಡೂ ನಂದೇ ಅಜ್ಜಿ,” ಎಂದೆ. ಅದಕ್ಕೂ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ.