ಗುಡ್ಡದ ಇಳಿಜಾರಿನ ಹೊನಗೊನ್ನೆ

ವನಜಾಕ್ಷಿ ಮೇಡಂ ಮೊದಲು ನೋಡುತ್ತಿದ್ದುದು ನಮ್ಮ ಉಗುರುಗಳನ್ನು. ಉಗುರಿನ ಸಂದಿಯಲ್ಲಿ ಮಣ್ಣು ಕಾಣದಿದ್ದರೆ ವರದಿಯನ್ನು ಮುಟ್ಟುತ್ತಲೇ ಇರಲಿಲ್ಲ. "ಜೀಪಲ್ಲೇ ಕೂತು ಬರೆದಿದೀಯ, ತಗೊಂಡ್ಹೋಗು" ಎನ್ನುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ನನ್ನ ಪಿಎಚ್‌ಡಿಗೆ ಅವರೇ ಗೈಡ್. ಅವರ ಬಾಯಿಗೆ ಹೆದರಿ ದಾರಿಯ ಹೂಕುಂಡದ ಮಣ್ಣನ್ನು ಬೆರಳಿಂದ ಕೆದರಿಕೊಂಡು ಹೋದದ್ದೂ ಉಂಟು, ಅಂಥ ಶೂರ ನಾನು. ಅಕೇಶಿಯಾ ನೆಟ್ಟು ಕಾಡು ಬೆಳೆಸಿದೆವೆಂದು ಫೋಟೊ ಹೊಡೆಸಿಕೊಳ್ಳುವವರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ.

ಭದ್ರಾವತಿಯ ಆಚೆ, ಮುಚ್ಚಿದ ಅದಿರಿನ ಗಣಿಯೊಂದರ ಕೆಳಗೆ ಗುಡ್ಡದಿಂದ ಇಳಿಯುವ ಹುಲ್ಲಿನ ಕಣಿವೆಯಿದೆ. ಗಣಿಯ ಕೆಸರು ಹರಿದು ಹಾಳಾಗಿದ್ದ ಅದನ್ನು ಬೇಲಿ ಹಾಕಿ ಸರಿಪಡಿಸುವುದು ಗಣಿ ಗುತ್ತಿಗೆದಾರನ ಹೊಣೆ. ಸರಿಹೋಯಿತೆಂದು ನಾವು ಬರೆದುಕೊಟ್ಟರೆ ಅವನು ಪಾರು, ಕೆಳಗಿನ ಊರಿನ ದನಗಳಿಗೆ ಬೇಲಿ ತೆರೆಯುತ್ತದೆ. ನನಗೆ ಅದೇ ಪಿಎಚ್‌ಡಿಯ ಕೊನೆಯ ಅಧ್ಯಾಯ. ಹೋಗಿ ನೋಡಿದರೆ ಕಣ್ಣು ತಂಪಾಗುವಂಥ ಹಸಿರು. ಮೇಲುಮಣ್ಣನ್ನು ಚೀಲಕ್ಕೆ ತುಂಬಿ, ಗಿಡಗಳ ಪಟ್ಟಿ ಮಾಡಿ, ಕಣಿವೆ ಚೇತರಿಸಿಕೊಂಡಿದೆ ಎಂದು ಘನವಾಗಿ ಬರೆದೆ.

ಮೇಡಂ ಪಟ್ಟಿಯನ್ನಷ್ಟೇ ಓದಿದರು. "ನೀರೇ ನಿಲ್ಲದ ಇಳಿಜಾರಲ್ಲಿ ಹೊನಗೊನ್ನೆ ಸೊಪ್ಪು ಹೆಂಗೆ ಬಂತು ಮಾರಾಯ? ಅದು ಕೆರೆಯಂಚಿನ ಗಿಡ."

ಮರುದಿನ ಬೆಳಿಗ್ಗೆ ನನ್ನನ್ನು ಕರೆದೊಯ್ದು, ಕೈಗೆ ಹಾರೆ ಕೊಟ್ಟು ಅಗೆಸಿದರು. ಒಂದು ಗೇಣು ಕಪ್ಪು ಗೋಡುಮಣ್ಣು, ಅದರಲ್ಲಿ ಬಸವನಹುಳದ ಚಿಪ್ಪುಗಳು. ಅಡಿಯಲ್ಲಿ ಗಣಿಯ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು. ಗದ್ದೆಗೆ ಗೋಡು ಹೊಡೆಯುವ ಹಾಗೆ ಗುತ್ತಿಗೆದಾರನ ಕಡೆಯವರು ಯಾವುದೋ ಕೆರೆಯ ಹೂಳನ್ನು ಟಿಪ್ಪರಿನಲ್ಲಿ ತಂದು ಹರಡಿದ್ದರು. ಒಂದು ಬೇರೂ ಕೆಂಪಿಗೆ ಇಳಿದಿರಲಿಲ್ಲ. ಎರಡು ಮಳೆಗಾಲಕ್ಕೆ ಇದೆಲ್ಲ ತೊಳೆದುಹೋಗುತ್ತದೆ, ಬೇರು ಕೆಳಗಿಳಿಯುವ ತನಕ ಸಹಿ ಹಾಕುವುದಿಲ್ಲ ಎಂದರು ಮೇಡಂ.

ನಾನು ಅಂಗಲಾಚಿದೆ, ಅವರು ಜಗ್ಗಲಿಲ್ಲ. ಅಷ್ಟರಲ್ಲಿ ನಿವೃತ್ತರಾದರು. ಹೊಸ ಗೈಡ್ ಪುಣ್ಯಾತ್ಮ, ಸಹಿ ಹಾಕುವ ಜಾಗ ಎಲ್ಲಿ ಎಂಬುದಷ್ಟೇ ಅವರ ಪ್ರಶ್ನೆ. ನಾನು ಪಟ್ಟಿಯಿಂದ ಹೊನಗೊನ್ನೆಯನ್ನು ಅಳಿಸಿದೆ. ಬೇಲಿ ಬಿಚ್ಚಿದರು, ನಾನು ಡಾಕ್ಟರಾದೆ. ಎರಡನೆಯ ಮಳೆಗಾಲಕ್ಕೆ ಕಣಿವೆ ಮತ್ತೆ ಕೆಂಪಗಾಯಿತು. ಊರಿನವರು ಈಗ ಹುಲ್ಲು ಕೊಂಡು ತಂದು ದನಗಳಿಗೆ ಹಾಕುತ್ತಾರೆ.

ಆಮೇಲೆ ಹೊಸಮನೆ ಬಡಾವಣೆಯಲ್ಲಿದ್ದ ಮೇಡಂ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. ಕಣಿವೆಯ ಸುದ್ದಿ ಮುಟ್ಟಿತ್ತು. ಆದರೂ ಕಾಫಿ ಕೊಡಿಸಿದರು, ಕೆಲಸ ಹೇಗಿದೆ ಎಂದು ವಿಚಾರಿಸಿದರು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ ನನಗೆ ಆ ಉಪಚಾರ ತಡೆಯಲಾಗಲಿಲ್ಲ. ಎರಡು ಮಾತು ಬೈದುಬಿಡಿ ಮೇಡಂ ಎಂದೆ.

"ಗೊತ್ತಿಲ್ದೋರಿಗೆ ಬೈತಿದ್ದೆ ಮಾರಾಯ, ಕಲೀಲಿ ಅಂತ. ನಿಂಗೆ ಗೊತ್ತಿತ್ತಲ್ಲ" ಎಂದು ಗೋಡೆಯ ಕಡೆ ಹೊರಳಿದರು.

ಆ ತಿಂಗಳೇ ತೀರಿಕೊಂಡರು. ನನ್ನನ್ನು ಈಗ ಯಾರೂ ಬೈಯುವುದಿಲ್ಲ. ಮಣ್ಣಿನ ವಿಷಯಕ್ಕೆ ಎಲ್ಲರೂ ನನ್ನನ್ನೇ ಕೇಳುತ್ತಾರೆ.